ಅಮ್ಮಾವ್ರು ಮಾತು ಬಿಟ್ಟದ್ದು

ಸ್ಪೀಕರಿನ ತಿರುಪನ್ನು ಮತ್ತೊಮ್ಮೆ ಪೂರ್ತಿ ಬಲಕ್ಕೆ ತಿರುಗಿಸಿ, ಕಿವಿಯನ್ನು ಅದರ ಜಾಲರಿಗೇ ಒತ್ತಿ ಹಿಡಿದು ಕೇಳಿದ. ಏನೂ ಇಲ್ಲ. ಕೆಳಗಿನ ಮನೆಯವರ ಮಿಕ್ಸಿ ಗೋಡೆಯೊಳಗಿಂದ ಗುರುಗುಟ್ಟುತ್ತಿತ್ತು, ಬೀದಿಯಲ್ಲಿ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರು, ಲೋಕದಲ್ಲಿ ಎಲ್ಲದಕ್ಕೂ ಸದ್ದಿತ್ತು. ಅಕ್ಕನ ಕಂಪ್ಯೂಟರಿಗೆ ಮಾತ್ರ ಇರಲಿಲ್ಲ. ಬೇರೆಯವರ ಮನೆಯಲ್ಲಾಗಿದ್ದರೆ ಇದೇನು ಮಹಾ ಸಂಗತಿ, ಹಾಡು ಕೇಳುವುದಿಲ್ಲ, ಅಷ್ಟೇ. ಆದರೆ ಅಕ್ಕನಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣದು. ಪರದೆಯ ಮೇಲೆ ಏನಿದೆಯೋ ಅದನ್ನೆಲ್ಲ ಒಂದು ಹೆಣ್ಣುದನಿ ಅವಳಿಗೆ ಓದಿ ಹೇಳುತ್ತದೆ, ಅವಳು ಒತ್ತಿದ ಪ್ರತಿಯೊಂದು ಅಕ್ಷರವನ್ನೂ ಒಪ್ಪಿಸುತ್ತದೆ. ಆ ದನಿಗೆ ಅವನು ಇಟ್ಟ ಹೆಸರು ಅಮ್ಮಾವ್ರು. ಎದುರಿಗೆ ಗೌರವ, ಒಳಗೆ ಮುನಿಸು. ಬೆಳಿಗ್ಗೆ ಅಕ್ಕ ಕಾಲೇಜಿಗೆ ಹೋದ ಮೇಲೆ ಅವನು ಕಂಪ್ಯೂಟರಿನ ಮುಂದೆ ಕೂರುವಾಗ ಮೊದಲು ಮಾಡುವ ಕೆಲಸವೇ ಅಮ್ಮಾವ್ರ ಬಾಯಿ ಮುಚ್ಚಿಸುವುದು; ಕಣ್ಣಿದ್ದವನಿಗೆ ಕಂಡದ್ದನ್ನೇ ಮತ್ತೆ ಒದರಿದರೆ ತಲೆ ಚಿಟ್ಟು ಹಿಡಿಯುತ್ತದೆ. ಇವತ್ತೂ ಹಾಗೇ ಮುಚ್ಚಿಸಿದ್ದ. ಹಾಗಾಗಿಯೇ ದನಿ ಯಾವಾಗ ಹೋಯಿತೆಂಬುದು ಅವನಿಗೆ ತಿಳಿಯಲಿಲ್ಲ. ಅಕ್ಕ ಬರುವ ಹೊತ್ತಾಯಿತೆಂದು ಮತ್ತೆ ಮಾತಾಡಿಸಲು ಹೋದಾಗ ಅಮ್ಮಾವ್ರು ಮಾತು ಬಿಟ್ಟಿದ್ದರು.

ಮಾಡಿದ್ದು ಅವನೇ, ಅದರಲ್ಲಿ ಅನುಮಾನವೇ ಇಲ್ಲ. ಹನ್ನೊಂದರ ಸುಮಾರಿಗೆ ಪರದೆಯ ಮೂಲೆಯಲ್ಲಿ ಒಂದು ಚೌಕ ಮೂಡಿ, ನಿಮ್ಮ ಕಂಪ್ಯೂಟರಿನ ಡ್ರೈವರುಗಳು ಹಳೆಯವಾಗಿವೆ ಎಂದಿತು. ಡ್ರೈವರ್ ಎಂದರೇನೆಂದು ಅಕ್ಕ ಒಮ್ಮೆ ಹೇಳಿದ್ದಳು: "ಕಂಪ್ಯೂಟರಿಗೆ ಸ್ಪೀಕರಿನ ಭಾಷೆ ಬರಲ್ಲ, ಸ್ಪೀಕರಿಗೆ ಕಂಪ್ಯೂಟರಿನ ಭಾಷೆ ಬರಲ್ಲ. ನಡುವೆ ನಿಂತು ಇವರ ಮಾತು ಅವರಿಗೆ ದಾಟಿಸೋನು ಡ್ರೈವರ್ರು." ಸ್ಪೀಕರಿಗೊಬ್ಬ, ಪ್ರಿಂಟರಿಗೊಬ್ಬ, ಪರದೆಗೊಬ್ಬ. ಆ ಚೌಕವನ್ನು ಒತ್ತಿದಾಗ ಅಂಥವರ ಉದ್ದನೆಯ ಪಟ್ಟಿ ಬಂತು, ಹೆಚ್ಚಿನ ಸಾಲುಗಳ ಮುಂದೆ ಕೆಂಪು ಗುರುತು ಇತ್ತು. ಕೆಂಪು ಗುರುತು ಕಂಡರೆ ಅವನಿಗೆ ಕೈ ಕಟ್ಟಿ ಕೂರಲಾಗುವುದಿಲ್ಲ. ಅರ್ಧ ಆಯುಷ್ಯ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದಲ್ಲಿ ಕಳೆದವನು. ಅಲ್ಲಿ ಕೆಂಪು ಎಂದರೆ ಯಾರೋ ತಪ್ಪು ಹಿಡಿದಿದ್ದಾರೆ, ಸರಿಮಾಡುವವರೆಗೆ ಏಳುವಂತಿಲ್ಲ. 'ಎಲ್ಲವನ್ನೂ ಸರಿಪಡಿಸಿ' ಎಂದು ಬರೆದಿದ್ದ ದೊಡ್ಡ ಗುಂಡಿಯನ್ನು ಒತ್ತಿದ. ಸಾಲುಗಳು ಒಂದೊಂದೇ ಹಸಿರಾಗುವುದನ್ನು ನೋಡುತ್ತ ಕೂತಾಗ ಬಹಳ ದಿನಗಳ ಮೇಲೆ ಮೈಗೆ ಏನೋ ಹಗುರವೆನಿಸಿತು. ಸಂಜೆ ಅಕ್ಕನಿಗೆ ಹೇಳಬೇಕು, ಅದೂ ತಾನಾಗಿ ಅಲ್ಲ, ಮಾತಿನ ನಡುವೆ ಬಂತೆಂಬಂತೆ, 'ಓ, ಅದಾ, ನಾನೇ ಒಂದಿಷ್ಟು ಸರಿಮಾಡಿಟ್ಟೆ' ಅನ್ನಬೇಕು ಎಂದೆಲ್ಲ ಲೆಕ್ಕ ಹಾಕಿದ್ದ. ಅನ್ನದ ಋಣ ಒಂದಿಷ್ಟಾದರೂ ತೀರಲಿ.

ಒಂದು ವಾರ ಇದ್ದು ಹೋಗುತ್ತೇನೆಂದು ಬಂದವನು, ತಿಂಗಳುಗಳೇ ಆದವು. ಹೆಂಡತಿ ತನ್ನ ತಂಗಿಯ ಮನೆಗೆ ಹೋದಳು, ಜಗಳವಾಡಿ ಹೋಗಿದ್ದರೆ ಕರೆದು ತರಬಹುದಿತ್ತು. ಅವಳು ಸುಮ್ಮನೆ ಸುಸ್ತಾಗಿ ಹೋದಳು. ಮುದ್ರಣಾಲಯದಲ್ಲಿ ಅವನದು ಓದುವ ಕೆಲಸ. ಮೂಲಪ್ರತಿಯನ್ನು ಅವನು ಗಟ್ಟಿಯಾಗಿ ಓದಬೇಕು, ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ ಎಂಬುದನ್ನೂ ಬಿಡದೆ. ಎದುರು ಕೂತ ಹಿರಿಯ ತಿದ್ದುಗ ಕರಡಿನ ಮೇಲೆ ಬೆರಳಿಟ್ಟು ಹೋಲಿಸುತ್ತ ಹೋಗಬೇಕು. ಔಷಧಿ ಡಬ್ಬದೊಳಗಿನ ಚೀಟಿ, ಪಠ್ಯಪುಸ್ತಕ, ಮದುವೆ ಕರೆಯೋಲೆ, ಎಲ್ಲವೂ ಅವನ ಗಂಟಲಿನಿಂದಲೇ ಹೋದದ್ದು. ಮನೆಯಲ್ಲೂ ಕೆಲವೊಮ್ಮೆ ಮಾತಿನ ಕೊನೆಗೆ ಪೂರ್ಣವಿರಾಮ ಎಂದು ಬಿಡುತ್ತಿದ್ದ, ಹೆಂಡತಿ ಮೊದಮೊದಲು ನಗುತ್ತಿದ್ದಳು. ಆಮೇಲೆ ಆ ಕೆಲಸವೂ ಯಂತ್ರಕ್ಕೆ ಹೋಯಿತು, ಹಿರಿಯ ತಿದ್ದುಗನೂ ಹೋದ, ಅವನು ಅಕ್ಕನ ಮನೆಯ ಹೊರಗಿನ ಕೋಣೆಯ ಮಂಚಕ್ಕೆ ಬಂದ. ಅಕ್ಕ ಒಂದು ದಿನಕ್ಕೂ ಯಾವಾಗ ಹೋಗುತ್ತೀಯೆಂದು ಕೇಳಲಿಲ್ಲ. ಅದೇ ಅವನಿಗೆ ಚುಚ್ಚುವುದು. ಈ ಮನೆಯಲ್ಲಿ ಪ್ರತಿ ಲೋಟಕ್ಕೂ ಒಂದು ಜಾಗವಿದೆ, ಅವಳು ಕತ್ತಲೆ ಬೆಳಕೆನ್ನದೆ ಸರಸರನೆ ಓಡಾಡುತ್ತಾಳೆ. ಅವನು ಬಂದ ಮೇಲೆ ಎರಡು ಸಲ ಮೊಣಕಾಲು ತಾಗಿಸಿಕೊಂಡಿದ್ದಾಳೆ, ಎರಡು ಸಲವೂ ಅವನೇ ಸರಿಸಿಟ್ಟ ಸ್ಟೂಲು. "ಪರವಾಗಿಲ್ಲ ಪಾಪು" ಎನ್ನುತ್ತಾಳೆ. ಕಿವಿಯ ಮೇಲೆ ಕೂದಲು ನರೆತ ಮೇಲೂ ಅವನು ಅವಳಿಗೆ ಪಾಪುವೇ. ಸಂಜೆಯಾದರೆ ಹೆಡ್‌ಫೋನ್ ಹಾಕಿಕೊಂಡು ಕೂತುಬಿಡುತ್ತಾಳೆ. ಅಮ್ಮಾವ್ರು ಅವಳ ಕಿವಿಯೊಳಗೆ ಮಾತಾಡುತ್ತಿರುತ್ತಾರೆ, ಇವನು ಆಚೆ ಮಂಚದ ಮೇಲೆ ಕೂತು ಅವಳ ತುಟಿ ಅಲುಗುವುದನ್ನು ನೋಡುತ್ತಿರುತ್ತಾನೆ. ಒಂದೇ ಮನೆಯಲ್ಲಿದ್ದೂ ಹೀಗೆ ಒಂಟಿಯಾಗಬಹುದೆಂದು ಅವನಿಗೆ ಗೊತ್ತಿರಲಿಲ್ಲ.

ಈಗ ನೋಡಿದರೆ ಹೀಗಾಗಿ ಕೂತಿದೆ. ಕಂಪ್ಯೂಟರನ್ನು ಆರಿಸಿ ಹೊತ್ತಿಸಿದ. ತಂತಿಯನ್ನು ಕಿತ್ತು, ಊದಿ, ಮತ್ತೆ ಸಿಕ್ಕಿಸಿದ. ಹೆಡ್‌ಫೋನನ್ನೂ ಹಾಕಿ ನೋಡಿದ, ಅದರಲ್ಲೂ ಮೌನ. ಹುಡುಕಿ ಹುಡುಕಿ ಪರದೆಯಲ್ಲಿ ಯಾವುದೋ ಕಿಟಕಿ ತೆರೆದರೆ ಅಲ್ಲಿ 'ಈ ಸಾಧನ ಸರಿಯಾಗಿ ಕೆಲಸ ಮಾಡುತ್ತಿದೆ' ಎಂದು ಬರೆದಿತ್ತು. ಸರಿಯಾಗಿ ಕೆಲಸ ಮಾಡುತ್ತಿದೆಯಂತೆ. ಹಿಡಿದು ಎರಡು ಬಿಡಬೇಕೆನಿಸಿತು. ಬೆಳಿಗ್ಗೆ ಹಸಿರಾದ ಪಟ್ಟಿಯನ್ನು ನೋಡುವುದಕ್ಕೇ ಈಗ ನಾಚಿಕೆ. ಸುಮ್ಮನೆ ಎಲ್ಲ ಮುಚ್ಚಿ, ಹೊರಗೆ ಹೋಗಿ, ಅಕ್ಕ ಬಂದು ತಾನೇ ಕಂಡುಕೊಂಡ ಮೇಲೆ 'ಹೌದಾ, ಬೆಳಿಗ್ಗೆ ಚೆನ್ನಾಗಿತ್ತಲ್ಲ' ಎಂದರೆ ಹೇಗೆ? ಇಷ್ಟು ಯೋಚಿಸುವಷ್ಟರಲ್ಲಿ ಬೀಗದ ಕೈ ತಿರುಗಿತು.

ಅಕ್ಕ ಚಪ್ಪಲಿಯನ್ನು ಅದರ ಜಾಗದಲ್ಲಿ ಬಿಟ್ಟು, ಮಡಚುವ ಕೋಲನ್ನು ಮೊಳೆಗೆ ತೂಗುಹಾಕಿ, ಕೈ ತೊಳೆದು ಬಂದು ನೇರ ಕುರ್ಚಿಯಲ್ಲಿ ಕೂತಳು. ಇವನು ಬಾಗಿಲ ಹತ್ತಿರ ನಿಂತಿದ್ದ. ಅವಳು ಒಂದು ಗುಂಡಿ ಒತ್ತಿದಳು. ಕಾದಳು. ಇನ್ನೊಂದು ಒತ್ತಿದಳು. ತಲೆಯನ್ನು ಸ್ವಲ್ಪ ಓರೆ ಮಾಡಿದಳು. ಆಮೇಲೆ ಕೇಳಿದಳು.

"ಪಾಪು, ಕಂಪ್ಯೂಟರ್ ಆನ್ ಆಗಿದೆಯಾ?"

ತನ್ನ ಮನೆಯಲ್ಲಿ, ತನ್ನ ಮೇಜಿನ ಮುಂದೆ, ಅವಳು ಇಂಥದ್ದನ್ನು ಯಾರನ್ನೂ ಕೇಳಿದವಳಲ್ಲ.

"ಆಗಿದೆ ಅಕ್ಕ. ಅದು, ಬೆಳಿಗ್ಗೆ ಡ್ರೈವರೆಲ್ಲ ಹಳೇದಾಗಿದೆ ಅಂತ ಬಂತು. ಹೊಸದು ಹಾಕಿದೆ. ಸೌಂಡ್ ಹೋಗಿದೆ."

"ಎಲ್ಲದಕ್ಕೂ ಹಾಕಿದ್ಯಾ?"

"ಎಲ್ಲದಕ್ಕೂ."

ಬೈದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡಳು, ಮೇಜು ಅಲ್ಲೇ ಇದೆಯೇ ಎಂದು ನೋಡಿಕೊಳ್ಳುವವಳಂತೆ. "ನಾಳೆ ಬೆಳಿಗ್ಗೆ ಮಾರ್ಕ್ಸ್ ಕೊಡಬೇಕು ನಾನು. ಮಕ್ಕಳ ಉತ್ತರ ಎಲ್ಲ ಇದರೊಳಗೇ ಇದೆ" ಎಂದಳು. ಅವಳು ಇತಿಹಾಸದ ಮೇಡಂ. ಪರೀಕ್ಷೆಯ ಉತ್ತರಗಳನ್ನು ಮಕ್ಕಳು ಟೈಪು ಮಾಡಿ ಕಳಿಸುತ್ತಾರೆ, ಅಮ್ಮಾವ್ರು ಓದುತ್ತಾರೆ, ಇವಳು ಅಂಕ ಹಾಕುತ್ತಾಳೆ. ಕಾಲೇಜಿನಲ್ಲಿ ಇವಳಿಗೆ ಇದು ಆಗುವುದಿಲ್ಲ, ಬೇರೆಯವರಿಗೆ ವಹಿಸಿ ಎಂದವರು ಇದ್ದರು. ಅದಾದ ಮೇಲೆ ಇವಳು ಒಂದು ಸಲವೂ ತಡ ಮಾಡಿದವಳಲ್ಲ.

"ಕಾಲೇಜಿನ ಕಂಪ್ಯೂಟರ್ ಲ್ಯಾಬಿನವರನ್ನ ಕರೀಲಾ?" ಎಂದ ಅವನು.

"ಕರೆದು? ನಾಳೆಗೆಲ್ಲ ಇಡೀ ಕಾಲೇಜಿಗೆ ಗೊತ್ತಾಗಬೇಕಾ? ನೀನಿದ್ದೀಯಲ್ಲ. ಬಾ, ಕೂತ್ಕೋ."

ನೀನಿದ್ದೀಯಲ್ಲ. ಎಷ್ಟು ಸಣ್ಣ ಮಾತು. ಇನ್ನೊಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತಾಗ ಅವಳ ತಲೆಯ ಎಣ್ಣೆಯ ವಾಸನೆ ಬಂತು, ಚಿಕ್ಕಂದಿನಿಂದ ಅದೇ ಎಣ್ಣೆ. ಆಗ ಮನೆಯ ಹಿತ್ತಿಲ ಮೆಟ್ಟಿಲ ಮೇಲೆ ಇಬ್ಬರೂ ಹೀಗೇ ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದರು, ಅವಳ ಪಾಠವನ್ನೆಲ್ಲ ಅವನು ಓದಬೇಕಿತ್ತು. ಅವಳಿಗಿಂತ ಎರಡು ತರಗತಿ ಕೆಳಗಿದ್ದವನು ಅರ್ಥವಾಗದ ಪದಗಳನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಓದುತ್ತಿದ್ದ. ಅವಳು ಮೊದಲ ದರ್ಜೆಯಲ್ಲಿ ಪಾಸಾದಳು, ಅವನು ಅಂತೂ ಇಂತೂ ದಾಟಿಕೊಂಡ. "ನನ್ನ ಮಗಳ ಕಣ್ಣು ಇವನು" ಎಂದು ಅಮ್ಮ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಅವನಿಗೆ ಯಾರೂ ಬೇರೆ ಪದವಿ ಕೊಟ್ಟದ್ದೇ ಇಲ್ಲ. ಆಮೇಲೆ ಯಾವಾಗಲೋ ಹೆಂಡತಿಯ ಜೊತೆ ಈ ಮನೆಗೆ ಬಂದಾಗ ಅಕ್ಕ ಹೊಸ ಕಂಪ್ಯೂಟರನ್ನು ತೋರಿಸಿದಳು. ದನಿ ಬಡಬಡನೆ ಓದಿತು, ಅವನಿಗೆ ಒಂದು ಪದವೂ ಹಿಡಿಯಲಾಗದಷ್ಟು ವೇಗ, ಅಕ್ಕ ಮಾತ್ರ ತಲೆಯಾಡಿಸುತ್ತಿದ್ದಳು. "ಅಲ್ಲಿಗೆ ನಿಮ್ಮ ಕೆಲಸ ಹೋಯ್ತು ಬಿಡಿ" ಎಂದು ಹೆಂಡತಿ ನಕ್ಕಳು. ಎಲ್ಲರೂ ನಕ್ಕರು, ಅವನೂ.

"ಏನ್ ಕಾಣ್ತಿದೆ, ಓದು" ಎಂದಳು ಅಕ್ಕ.

ಅವನು ಓದಿದ. ಅವಳು ಹೇಳಿದ ಕಡೆ ಒತ್ತಿದ. ಸಾಧನಗಳ ಪಟ್ಟಿ ಬಂತು. ಪರದೆ, ಪ್ರಿಂಟರು, ಕೀಲಿಮಣೆ ಎಂದು ಮೇಲಿನಿಂದ ಓದುತ್ತ ಬಂದ, ಅವಳು "ಹೂಂ, ಕೆಳಗೆ, ಇನ್ನೂ ಕೆಳಗೆ, ಸೌಂಡ್ ಅಂತ ಇರುತ್ತೆ ನೋಡು" ಎನ್ನುತ್ತಿದ್ದಳು. ಅವಳಿಗೆ ಈ ಕಿಟಕಿಗಳೆಲ್ಲ ತನ್ನ ಮನೆಯಷ್ಟೇ ಪರಿಚಿತ. ಎಷ್ಟನೆಯ ಸಾಲು, ಒಳಗೆ ಯಾವ ಪುಟ, ಎಲ್ಲ ಬಾಯಲ್ಲಿದೆ. ಕೊನೆಗೆ ಡ್ರೈವರಿನದೇ ಒಂದು ಪುಟ ತೆರೆಯಿತು, ಅದರಲ್ಲಿ ಮೇಲಿನಿಂದ ಕೆಳಗೆ ಗುಂಡಿಗಳ ಸಾಲು.

"ಮೂರನೇದು ನೋಡು. ರೋಲ್ ಬ್ಯಾಕ್ ಡ್ರೈವರ್ ಅಂತ. ಹೊಸದನ್ನ ತೆಗೆದು ಹಳೇದನ್ನೇ ವಾಪಸ್ ತರೋದು ಅದು. ಅದರ ಅಕ್ಷರ ಕಪ್ಪಗಿದೆಯಾ, ಮಸುಕಾಗಿದೆಯಾ? ಮಸುಕಾಗಿದ್ರೆ ಹಳೇದನ್ನ ಅದು ಇಟ್ಕೊಂಡಿಲ್ಲ ಅಂತ, ನಾವು ಏನೂ ಮಾಡೋಹಾಗಿಲ್ಲ. ಕಪ್ಪಗಿದ್ರೆ ಒತ್ತಿದರಾಯ್ತು, ಮುಗೀತು." ಸ್ವಲ್ಪ ನಕ್ಕಳು. "ಕಪ್ಪು ಹೇಗಿರುತ್ತೋ, ಮಸುಕು ಹೇಗಿರುತ್ತೋ. ನೀವೆಲ್ಲ ಹಾಗಂತೀರ, ನಾನೂ ಅಂತೀನಿ."

ಕಪ್ಪಗಿತ್ತು. ಅಚ್ಚ ಕಪ್ಪು, ಹೊಸ ಶಾಯಿಯಲ್ಲಿ ಅಚ್ಚಾದ ಹಾಗೆ. ಒತ್ತಿದರಾಯ್ತು, ಮುಗೀತು. ಆ 'ಮುಗೀತು' ಎಂಬ ಪದ ಅವನ ಕಿವಿಯಲ್ಲಿ ಕೂತುಬಿಟ್ಟಿತು. ಒತ್ತಿದರೆ ಅಮ್ಮಾವ್ರು ಎದ್ದು ಬರುತ್ತಾರೆ, ಅಕ್ಕ 'ಅಬ್ಬ' ಎಂದು ಹೆಡ್‌ಫೋನಿಗೆ ಕೈ ಚಾಚುತ್ತಾಳೆ, ಅವನು ಕುರ್ಚಿ ಎತ್ತಿ ಅದರ ಜಾಗದಲ್ಲಿಟ್ಟು ಮಂಚಕ್ಕೆ ಹೋಗಬೇಕು. ಕೂತು ಇನ್ನೂ ಹತ್ತು ನಿಮಿಷವೂ ಆಗಿರಲಾರದು. ಅವಳ ಭುಜ ತಾಗುತ್ತಿತ್ತು.

"ಮಸುಕಾಗಿದೆ" ಎಂದ.

ಹೇಳಬೇಕೆಂದು ಹೇಳಿದ್ದಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ಆದರೆ ಮಾತು ಸಲೀಸಾಗಿ, ತೊದಲದೆ, ಓದಿದ ಹಾಗೇ ಬಂದಿತ್ತು. ಅಕ್ಕನ ಬೆರಳು ಕೀಲಿಮಣೆಯ ಅಂಚಿನ ಮೇಲೆ ಸುಮ್ಮನೆ ಓಡಾಡಿ ನಿಂತಿತು.

"ಸರಿ" ಎಂದಳು. "ಆ ಕಿಟಕಿ ಮುಚ್ಚಬೇಡ, ಹಿಂದೆ ಹಾಗೇ ಇರಲಿ. ಉತ್ತರಗಳನ್ನ ತೆಗಿ. ನೀನು ಓದು, ನಾನು ಮಾರ್ಕ್ಸ್ ಹೇಳ್ತೀನಿ, ಬರಿ."

ಅವನು ಗಂಟಲು ಸರಿಮಾಡಿಕೊಂಡ. ಮೊದಲ ಉತ್ತರವನ್ನು ಅಳುಕುತ್ತ ಓದಿದ, ಎರಡನೆಯದರ ಹೊತ್ತಿಗೆ ಹಳೆಯ ದನಿ ಸಿಕ್ಕಿತು. ಎದೆಯಿಂದ ಬರುವ ದನಿ ಅದು, ಹಿರಿಯ ತಿದ್ದುಗ ಬೆರಳು ನಿಲ್ಲಿಸದೆ ಕೇಳುತ್ತಿದ್ದದ್ದು. "ರಾಜನು ಯುದ್ಧದಲ್ಲಿ ಸತ್ತನು, ಅಲ್ಪವಿರಾಮ, ಆದರೆ ಅದರಿಂದ ಅವನ ಆಳ್ವಿಕೆಗೆ ಹೆಚ್ಚಿನ ತೊಂದರೆಯಾಗಲಿಲ್ಲ, ಪೂರ್ಣವಿರಾಮ."

ಅಕ್ಕ ಮೇಜು ಹಿಡಿದುಕೊಂಡು ನಕ್ಕಳು. "ವಿರಾಮ ಎಲ್ಲ ಬೇಡ ಕಣೋ. ಕರಡು ಅಲ್ಲ ಇದು."

"ಬಾಯಿಗೆ ಬಂದುಬಿಡುತ್ತೆ. ಎಷ್ಟು ಹಾಕಲಿ ಇವನಿಗೆ?"

"ನಾಲ್ಕು."

"ನಾಲ್ಕಾ? ಪಾಪ, ಆರಾದ್ರೂ ಹಾಕು. ಸತ್ತಮೇಲೂ ರಾಜನಿಗೆ ಧೈರ್ಯ ತುಂಬಿದ್ದಾನೆ."

"ಐದು. ಅದೂ ನಿನ್ನ ಮುಖ ನೋಡಿ" ಎಂದಳು ಅಕ್ಕ. ಇಬ್ಬರೂ ಮತ್ತೆ ನಕ್ಕರು.

ಹೀಗೇ ಓದುತ್ತ ಹೋದ. ಕಿಟಕಿಯಾಚೆ ಬೆಳಕು ಇಳಿಯಿತು, ದೀಪ ಹಾಕಲು ಅವನೇ ಎದ್ದ, ದೀಪ ಬೇಕಾದದ್ದು ಅವನಿಗೆ ಮಾತ್ರ ಎಂಬುದು ಎಂದಿನಂತೆ ಮುಜುಗರ ತರಲಿಲ್ಲ. ಎಲ್ಲ ಉತ್ತರದಲ್ಲೂ ಅದೇ ರಾಜ, ಅದೇ ಯುದ್ಧ, ಒಬ್ಬಳು ಮಾತ್ರ ರಾಣಿಯ ಬಗ್ಗೆ ಎರಡು ಪುಟ ಬರೆದಿದ್ದಳು. ಅಕ್ಕ ಅದನ್ನು ಇನ್ನೊಮ್ಮೆ ಓದಿಸಿದಳು. ಓದುತ್ತಿರುವಾಗ ಅವಳ ಮುಖ ಅವನ ಕಡೆ ತಿರುಗಿತ್ತು. ಇಷ್ಟು ತಿಂಗಳಲ್ಲಿ ಆ ಮುಖ ಹೀಗೆ ಅವನ ಕಡೆ ತಿರುಗಿದ್ದೇ ಇಲ್ಲವೆನಿಸಿತು. ಅವನಿಗೆ ಸಂತೋಷವಾಗಿತ್ತು. ನಾಳೆಯೂ ಓದಬಹುದು, ನಾಡಿದ್ದೂ. ಮುಂದೆ ಬರುವ ಉತ್ತರಗಳನ್ನೂ ಕಾಲೇಜಿನವರಿಗೆ ತಿಳಿಯದ ಹಾಗೆ ಸಂಜೆ ಸಂಜೆ ಕೂತು ಮುಗಿಸಬಹುದು. ಯಂತ್ರಕ್ಕಿಂತ ನೀನೇ ವಾಸಿ ಪಾಪು ಎಂದು ಅವಳೇ ಅಂದರೂ ಅನ್ನಬಹುದು. ಇದನ್ನೆಲ್ಲ ಯೋಚಿಸುವ ಮನಸ್ಸು ಒಂದು ಕಡೆ, ಹಿಂದಿನ ಕಿಟಕಿಯಲ್ಲಿರುವ ಕಪ್ಪು ಅಕ್ಷರವನ್ನು ಮರೆಯಲಾರದ ಮನಸ್ಸು ಒಂದು ಕಡೆ, ನಡುವೆ ನಾಲಿಗೆ ತನ್ನ ಪಾಡಿಗೆ ಓದುತ್ತಿತ್ತು.

ಹಾಗೆ ಓದುವ ಭರದಲ್ಲೇ, ಪರದೆಯ ಮೇಲಿನ ಬಲಮೂಲೆಯಲ್ಲಿ ಮೂಡಿದ ಚೌಕವನ್ನೂ ಓದಿಬಿಟ್ಟ. "ಗ್ರಂಥಪಾಲಕರಿಂದ. ಇವತ್ತು ನೀನು—"

"ಬೇಡ."

ಅಕ್ಕನ ಕೈ ಅವನೆದುರಿಗೆ ಚಾಚಿ ಬಂದು ಪರದೆಯನ್ನು ಮುಚ್ಚಿತು. ಬೆರಳುಗಳನ್ನು ಅಗಲಿಸಿ, ಗಾಜಿಗೆ ಒತ್ತಿ. ಆದರೆ ಅವಳು ಮುಚ್ಚಿದ್ದು ಕೆಳಗಿನ ಎಡಮೂಲೆಯನ್ನು. ಅಲ್ಲಿ ಏನೂ ಇರಲಿಲ್ಲ, ಬರಿಯ ನೀಲಿ ಬಣ್ಣ. ಚೌಕ ಮೇಲೆ, ಅವಳ ಕೈಯಿಂದ ಒಂದು ಗೇಣು ದೂರದಲ್ಲಿ, ಎಲ್ಲರಿಗೂ ಕಾಣುವಂತೆ ಉಳಿದಿತ್ತು: ಇವತ್ತು ನೀನು ಮಾತಾಡದೆ ಹೋದೆ. ನನ್ನದೇ ತಪ್ಪು. ನಾಳೆಯಾದರೂ ಬರುತ್ತೀಯಾ? ಓದಬಾರದೆಂದು ಅವನು ಕಣ್ಣು ಮುಚ್ಚಿದ, ಆದರೆ ಅಷ್ಟರಲ್ಲಿ ಓದಿಯಾಗಿತ್ತು. ಕಂಡ ಅಕ್ಷರವನ್ನು ಓದದೆ ಬಿಡುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಅಕ್ಕನ ಕತ್ತು ಕೆಂಪಾಗಿತ್ತು. ಅವಳಿಗೆ ಕಾಲೇಜಿನಲ್ಲಿ ಹೀಗೊಬ್ಬ ಗ್ರಂಥಪಾಲಕನಿದ್ದಾನೆ, ಅವನ ಮೇಲೆ ಮುನಿಸಿಕೊಂಡು ಮನೆಗೆ ಬಂದಿದ್ದಾಳೆ, ಮನೆಯಲ್ಲಿ ಬಾಯಿಲ್ಲದ ಕಂಪ್ಯೂಟರು ಕಾದಿತ್ತು. ಇದ್ಯಾವುದೂ ಅವನಿಗೆ ತಿಳಿಯಬೇಕಾದ ಸಂಗತಿಯಲ್ಲ.

"ನಾನು ಓದಿಲ್ಲ ಅಕ್ಕ" ಎಂದ.

"ಹೋಯ್ತಾ ಅದು?"

"ಹೋಯ್ತು."

ಇನ್ನೂ ಹೋಗಿರಲಿಲ್ಲ. ಅದು ತಾನಾಗಿ ಮರೆಯಾಗುವವರೆಗೆ ಅವನು ಮುಂದಿನ ಸಾಲು ಓದಲಿಲ್ಲ. ಅವಳು ಕೈ ತೆಗೆದಳು, ಗಾಜಿನ ಮೇಲೆ ಐದು ಬೆರಳಿನ ಬೆವರು ಉಳಿಯಿತು. ಆ ಗುರುತನ್ನು ನೋಡುತ್ತ ಅವನಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು. ಅವಳು ಕೈ ಅಡ್ಡ ಹಿಡಿದದ್ದು ಅವನ ಕಣ್ಣಿಗೆ. ಮಗಳ ಕಣ್ಣು ಇವನು ಎಂದು ಅಮ್ಮ ಹೇಳುತ್ತಿದ್ದ ಅದೇ ಕಣ್ಣಿಗೆ.

"ಟೀ ಮಾಡ್ತೀಯಾ ಪಾಪು? ಗಂಟಲು ಒಣಗಿರುತ್ತೆ ನಿಂಗೆ."

ಅಡುಗೆಮನೆಯಲ್ಲಿ ನೀರಿಟ್ಟು ಒಲೆಯ ಮುಂದೆ ನಿಂತ. ಹೇಳಿಬಿಡಬೇಕು. ಅಕ್ಕ, ಆ ಗುಂಡಿ ಮಸುಕಾಗಿಲ್ಲ, ಕಪ್ಪಗೇ ಇದೆ. ಇಷ್ಟೇ ವಾಕ್ಯ. ಯಾಕೆ ಸುಳ್ಳು ಹೇಳಿದೆ ಅಂದರೆ? ನಿನ್ನ ಪಕ್ಕ ಕೂರಬೇಕಿತ್ತು. ಥೂ, ಈ ವಯಸ್ಸಿನಲ್ಲಿ ಯಾವ ಗಂಡಸು ಇಂಥ ಮಾತಾಡುತ್ತಾನೆ. ಕಣ್ಣಿಗೆ ಸರಿಯಾಗಿ ಕಾಣಲಿಲ್ಲ ಎಂದರೆ? ಕರಡಿನಲ್ಲಿ ಪಳಗಿದ ಕಣ್ಣು. ಇಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವುದು, ಬೈದರೆ ಬೈಸಿಕೊಳ್ಳುವುದು, ನಾಳೆ ಬೇರೆ ಕಡೆ ಕೋಣೆ ನೋಡುವುದು. ಟೀ ಸೊಪ್ಪು ಹಾಕಿ, ಹಾಲು ಹಾಕಿ, ಉಕ್ಕಿ ಬರುತ್ತಿದ್ದಂತೆ ಉರಿ ತಗ್ಗಿಸಿದ. ವಾಕ್ಯವನ್ನು ಮತ್ತೆ ಮತ್ತೆ ಬಾಯೊಳಗೇ ಹೇಳಿಕೊಂಡ, ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎಂಬುದರ ಸಮೇತ. ಎರಡು ಲೋಟಕ್ಕೆ ಸೋಸುತ್ತಿರುವಾಗ ಆಚೆ ಕೋಣೆಯಿಂದ ಅದು ಕೇಳಿಸಿತು. ಬಡಬಡನೆ, ಒಂದು ಪದವೂ ಹಿಡಿಯಲಾಗದ ವೇಗದಲ್ಲಿ, ಹೆಣ್ಣುದನಿ.

ಲೋಟ ಹಿಡಿದು ಬಾಗಿಲಿಗೆ ಬಂದ. ಅಕ್ಕ ಒಂದು ಗುಂಡಿ ಒತ್ತಿ ದನಿಯನ್ನು ನಿಲ್ಲಿಸಿದಳು.

"ಸಕ್ಕರೆ ಹಾಕಿದ್ಯಾ?"

"ಹಾಕಿದೆ."

"ಇಲ್ಲಿಡು. ಹಿಂದಿದ್ದ ಆ ಕಿಟಕೀನ ಮುಂದಕ್ಕೆ ತಂದು, ಕೀಲಿಮಣೇಲಿ ಆಲ್ಟ್ ಹಿಡಿದು ಆರ್ ಒತ್ತೋದು, ಅಷ್ಟೇ ಇದ್ದದ್ದು. ಯಾಕೆ ಹಳೇದಕ್ಕೆ ಹೋಗ್ತೀರ ಅಂತ ಕಾರಣ ಬೇರೆ ಕೇಳುತ್ತೆ. ಮೊದಲನೇದನ್ನ ಒತ್ತಿದೆ, ಏನು ಬರೆದಿತ್ತೋ."

ಅವನು ಲೋಟವನ್ನು ಅವಳ ಬಲಗೈಗೆ ಸಿಗುವ ಹಾಗೆ ಇಟ್ಟ. ಕಟ್ಟಿಕೊಂಡು ಬಂದ ವಾಕ್ಯ ಈಗ ಯಾವ ಕೆಲಸಕ್ಕೂ ಬರುವಂತಿರಲಿಲ್ಲ. "ಅಕ್ಕ, ಅದು ನಾನು" ಎಂದ.

"ನೀನು ಮಸುಕು ಅಂದಾಗಲೇ ಒತ್ತಿ ನೋಡಬಹುದಿತ್ತು ನಾನು" ಎಂದಳು ಅಕ್ಕ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮಗುವೊಂದರ ಉತ್ತರಕ್ಕೆ ಯಾಕೆ ಇಷ್ಟೇ ಅಂಕ ಎಂದು ವಿವರಿಸುವಾಗಿನ ದನಿ. "ಒತ್ತಲಿಲ್ಲ. ನೀನು ಓದೋದು ಕೇಳಿ ಎಷ್ಟು ವರ್ಷ ಆಗಿತ್ತು. ಕೇಳೋಣ ಅನ್ನಿಸ್ತು." ಟೀ ಕುಡಿದಳು. "ಆದ್ರೆ ಪಾಪು, ನನ್ನ ಪಕ್ಕ ಕೂರೋದಕ್ಕೆ ನನ್ನನ್ನ ಕುರುಡಿ ಮಾಡಬೇಕಾಗಿರಲಿಲ್ಲ."

ಆ ಪದವನ್ನು ಬೀದಿಯಲ್ಲಿ ಕೇಳಿದ್ದ, ಬಸ್ಸಿನಲ್ಲಿ ಕೇಳಿದ್ದ, ಹಾಗೆಂದವನೊಬ್ಬನ ಅಂಗಿ ಹಿಡಿದೆಳೆದು ಹೊಡೆತ ತಿಂದಿದ್ದ. ಅಕ್ಕನ ಬಾಯಲ್ಲಿ ಇಷ್ಟು ವರ್ಷಗಳಲ್ಲಿ ಒಂದು ಸಲವೂ ಕೇಳಿರಲಿಲ್ಲ.

ಅವಳು ಹೆಡ್‌ಫೋನನ್ನು ತಡವಿ ತೆಗೆದು ಹಾಕಿಕೊಂಡಳು. ಉಳಿದ ಉತ್ತರಗಳು ಪರದೆಯ ಮೇಲೆ ಒಂದರ ಹಿಂದೊಂದು ಸರಿಯತೊಡಗಿದವು. "ತಪ್ಪಾಯ್ತು ಅಕ್ಕ" ಎಂದ ಅವನು, ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ, ಆದರೆ ಅವಳು ಕೇಳುತ್ತಿದ್ದದ್ದು ಬೇರೆ. ಹೋಗಬೇಕೆಂದೂ ತೋಚದೆ, ಕೂರಲೂ ಆಗದೆ, ಟೀ ಹಿಡಿದು ಅವಳ ಹಿಂದೆಯೇ ನಿಂತ. ಸ್ವಲ್ಪ ಹೊತ್ತಿಗೆ ಅಕ್ಕ ಒಬ್ಬಳೇ ಗಟ್ಟಿಯಾಗಿ ನಕ್ಕಳು. ಯಾವ ಸಾಲಿಗೆ ನಕ್ಕಳೆಂದು ಅವನು ಬಗ್ಗಿ ಪರದೆಯಲ್ಲಿ ಹುಡುಕಿದ, ಮೇಲಿನಿಂದ ಕೆಳಗೆ, ಒಂದು ಪದವನ್ನೂ ಬಿಡದೆ, ಆದರೆ ಅಷ್ಟರಲ್ಲಿ ಆ ಪುಟ ದಾಟಿ ಹೋಗಿತ್ತು.